ಹಡಗಿನಿಂದಿಳಿದ ಮೇಲೆ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ನುಡಿ. ಬಾಲ್ಯವನ್ನು ಮಠದ ಪಾಠಶಾಲೆಯಲ್ಲಿಯೂ ಪ್ರೌಢ ವಯಸ್ಸನ್ನು ಹಸ್ತಪ್ರತಿಗಳ ನಡುವೆಯೂ ಕಳೆದ ನಮಗೆ ಕೋಶದ ಪರಿಚಯವಾದಷ್ಟು ದೇಶದ ಪರಿಚಯವಾಗಿರಲಿಲ್ಲ. ಈ ಕೊರತೆ ನೀಗುವ ಸಂದರ್ಭವು ೨೦೨೩ರ ಜುಲೈ ತಿಂಗಳಿನಲ್ಲಿ, ನಮ್ಮ ಅರವತ್ತೆರಡನೆಯ ವಯಸ್ಸಿನಲ್ಲಿ ಒದಗಿಬಂದಿತು. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ತಂದೆತಾಯಿಗಳನ್ನು ಅಲಾಸ್ಕಾದ ಹಡಗಿನ ಪ್ರವಾಸಕ್ಕೆ ಕರೆದೊಯ್ಯುವುದಾಗಿ ತಿಳಿಸಿದನು. ಹಡಗು ನಿಲ್ಲುವ ಕೊನೆಯ ಊರಿನಲ್ಲಿ ಇನ್ನೂ ನಾಲ್ಕು ದಿನ ಉಳಿದು, ಯಾವ ಪ್ರವಾಸ ಸಂಸ್ಥೆಯ ನೆರವೂ ಇಲ್ಲದೆ, ಡೇರೆಯಲ್ಲಿ ಮಲಗಿ ಬೆಟ್ಟ ಹತ್ತಿ ಬರೋಣವೆಂಬುದು ಅವನ ಸೂಚನೆಯ ಎರಡನೆಯ ಭಾಗ. ಮೊದಲನೆಯದಕ್ಕೆ ನಮ್ಮ ಧರ್ಮಪತ್ನಿಯವರು ಕೂಡಲೇ ಒಪ್ಪಿದರು. ಎರಡನೆಯದಕ್ಕೆ ನಾವು ಒಪ್ಪಿದೆವು.

ಕೆನಡಾ ದೇಶದ ವ್ಯಾಂಕೂವರ್ ಬಂದರಿನಿಂದ ಹೊರಟ ಹಡಗು ಕೆಚಿಕನ್, ಜೂನೋ, ಸ್ಕಾಗ್ವೇ ಪಟ್ಟಣಗಳನ್ನೂ ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಯನ್ನೂ ತೋರಿಸಿ, ಏಳು ರಾತ್ರಿಗಳ ಬಳಿಕ ಸೂವರ್ಡ್ ಎಂಬ ಊರಿಗೆ ನಮ್ಮನ್ನು ಮುಟ್ಟಿಸಿತು. ಹಡಗಿನ ಬದುಕು ಮಾವನ ಮನೆಯ ಬದುಕಿನಂತೆ. ಹೊತ್ತು ಹೊತ್ತಿಗೆ ಊಟ, ಹಾಸಿದ ಹಾಸಿಗೆ. ಎಲ್ಲಿ ಇಳಿಯಬೇಕು, ಯಾವಾಗ ಮರಳಬೇಕೆಂಬುದನ್ನು ಮತ್ತೊಬ್ಬರು ನಿಶ್ಚಯಿಸಿರುತ್ತಾರೆ. ಇಂತಹ ಸುಖದಲ್ಲಿ ವಾರ ಕಳೆದವನು ಮರುದಿನವೇ ಕಾಡಿನ ದಾರಿಯಲ್ಲಿ ತನ್ನ ಹೊರೆಯನ್ನು ತಾನೇ ಹೊರಬೇಕಾದರೆ, ಅದರ ಸಿದ್ಧತೆಯು ಹಡಗು ಹತ್ತುವ ಮೊದಲೇ ಆಗಿರಬೇಕು. ವಿದೇಶಗಳಲ್ಲಿ ಮಕ್ಕಳಿರುವ ನಮ್ಮ ಸಮಾಜದ ಅನೇಕ ಕುಟುಂಬಗಳಿಗೆ ಉಪಯೋಗವಾಗಲೆಂದು ಆ ಸಿದ್ಧತೆಯ ವಿವರವನ್ನು ಇಲ್ಲಿ ನಿವೇದಿಸುತ್ತೇವೆ.

ಸಾಹಸದ ಭಾಗವನ್ನು ಹಡಗಿನ ಪ್ರವಾಸಕ್ಕೆ ಮೊದಲು ಇರಿಸದೆ ಅನಂತರ ಇರಿಸಿದ್ದಕ್ಕೆ ಕಾರಣವಿದೆ. ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಬೆಟ್ಟದಲ್ಲಿ ಕಾಲು ಉಳುಕಿದರೆ, ಮಳೆಯಿಂದ ದಾರಿ ಕಟ್ಟಿದರೆ, ಮೊದಲೇ ಹೋದವನಿಗೆ ಹಡಗೇ ತಪ್ಪುತ್ತದೆ. ಅನಂತರ ಹೋದವನಿಗೆ ಒಂದು ದಿನ ಮಾತ್ರ ತಪ್ಪುತ್ತದೆ. ಹಡಗಿನಿಂದಿಳಿದವರಲ್ಲಿ ಬಹುಪಾಲು ಜನರು ಅಂದೇ ಬಸ್ಸಿನಲ್ಲೋ ರೈಲಿನಲ್ಲೋ ಆಂಕರೇಜ್ ನಗರಕ್ಕೆ ಹೋಗಿ ವಿಮಾನ ಏರುತ್ತಾರೆ. ಉಳಿಯಬಯಸುವವರು ಬಾಡಿಗೆಯ ಕಾರನ್ನು ತಿಂಗಳುಗಳ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆ ಚಿಕ್ಕ ಊರಿನಲ್ಲಿ ಕಾರುಗಳು ವಿರಳ. ವ್ಯಾಂಕೂವರ್ ಕೆನಡಾಕ್ಕೆ ಸೇರಿದ್ದರಿಂದ, ಭಾರತದ ಪಾಸ್‌ಪೋರ್ಟ್ ಉಳ್ಳ ನಮ್ಮಂತಹವರಿಗೆ ಅಮೆರಿಕದ ವೀಸಾ ಒಂದೇ ಸಾಲದು, ಕೆನಡಾದ ವೀಸಾ ಕೂಡ ಬೇಕು. ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅವಕಾಶ ಕೊಡುವಂತಹುದಾಗಿರಬೇಕು. ಈ ಒಂದು ವಿಷಯವನ್ನು ಮರೆತರೆ ಉಳಿದೆಲ್ಲ ಯೋಜನೆಯೂ ನೀರಿನ ಮೇಲಿನ ಬರಹವೇ ಸರಿ.

ಇನ್ನು ಸಾಮಗ್ರಿಗಳ ಮಾತು. ಬೆಚ್ಚನೆಯ ಉಡುಪು, ಮಳೆಯ ಅಂಗಿ, ಪಾದಕ್ಕೆ ಚೆನ್ನಾಗಿ ಒಗ್ಗಿದ ಬೂಟುಗಳು, ಡೇರೆ ಇವುಗಳನ್ನು ಮಗನು ಮನೆಯಿಂದಲೇ ತಂದಿದ್ದನು. ಒಲೆಯ ಅನಿಲದ ಡಬ್ಬಿಯನ್ನೂ, ಕರಡಿಯನ್ನು ಹಿಮ್ಮೆಟ್ಟಿಸುವ ಖಾರದ ದ್ರವದ ಡಬ್ಬಿಯನ್ನೂ ವಿಮಾನದಲ್ಲಿ ಒಯ್ಯುವಂತಿಲ್ಲ, ಹಡಗಿಗೂ ತರುವಂತಿಲ್ಲ. ಅವನ್ನು ಸೂವರ್ಡ್‌ನ ಅಂಗಡಿಯಲ್ಲಿ ಕೊಂಡು, ಹೊರಡುವ ದಿನ ನೆರೆಯ ಡೇರೆಯವರಿಗೆ ಕೊಟ್ಟುಬಂದೆವು. ಆಹಾರಕ್ಕೆ ಅವಲಕ್ಕಿ ಮತ್ತು ಶೇಂಗಾ ಚಟ್ನಿಪುಡಿ ನಮ್ಮ ಗಂಟಿನಲ್ಲಿದ್ದವು. ಶಾಕಾಹಾರಿಗಳಿಗೆ ಇವುಗಳಿಗಿಂತ ಹಗುರವೂ ನಂಬಿಕಸ್ತವೂ ಆದ ಪಾಥೇಯ ಮತ್ತೊಂದಿಲ್ಲ.

ಸೂವರ್ಡ್ ಊರು ೧೯೦೩ರಲ್ಲಿ ಸ್ಥಾಪಿತವಾಯಿತು. ೧೮೬೭ರಲ್ಲಿ ೭೨ ಲಕ್ಷ ಡಾಲರುಗಳಿಗೆ ಅಲಾಸ್ಕಾವನ್ನು ರಷ್ಯದಿಂದ ಕೊಂಡ ಅಮೆರಿಕದ ವಿದೇಶಾಂಗ ಸಚಿವ ವಿಲಿಯಂ ಸೂವರ್ಡ್ ಅವರ ಹೆಸರನ್ನೇ ಅದಕ್ಕೆ ಇಡಲಾಗಿದೆ. ೧೯೬೪ರ ಮಾರ್ಚ್ ೨೭ರಂದು ಸಂಭವಿಸಿದ ೯.೨ ಪ್ರಮಾಣದ ಭೂಕಂಪ ಮತ್ತು ಅದನ್ನು ಹಿಂಬಾಲಿಸಿದ ಕಡಲಲೆಗಳು ಈ ಊರಿನ ಬಂದರನ್ನು ನುಚ್ಚುನೂರು ಮಾಡಿದವು. ಇಂದು ಅದೇ ತಡಿಯಲ್ಲಿ ಜನರು ನಿಶ್ಚಿಂತೆಯಿಂದ ಡೇರೆ ಹೂಡಿ ಮಲಗುತ್ತಾರೆ. ಮನುಷ್ಯನು ಎಷ್ಟು ಬೇಗ ಮರೆಯುತ್ತಾನೆ, ಎಷ್ಟು ಧೈರ್ಯದಿಂದ ಮತ್ತೆ ಕಟ್ಟುತ್ತಾನೆ ಎಂದು ನಾವು ಬೆರಗಾದೆವು.

ಊರಿನಿಂದ ಸುಮಾರು ಹನ್ನೆರಡು ಮೈಲಿ ದೂರದಲ್ಲಿ, ಕೀನೈ ಫಿಯೋರ್ಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ‘ಎಕ್ಸಿಟ್’ ಎಂಬ ಹಿಮನದಿಯಿದೆ. ೧೯೬೮ರಲ್ಲಿ ಹಾರ್ಡಿಂಗ್ ಹಿಮಕ್ಷೇತ್ರವನ್ನು ಮೊದಲ ಬಾರಿಗೆ ದಾಟಿದವರು ಈ ಮಾರ್ಗವಾಗಿ ಹೊರಬಂದುದರಿಂದ ಆ ಹೆಸರು ಬಂದಿತು. ಅದರ ಸಮೀಪದ ಶಿಬಿರದಲ್ಲಿ ಹನ್ನೆರಡೇ ಡೇರೆಗಳಿಗೆ ಸ್ಥಳ. ಶುಲ್ಕವಿಲ್ಲ, ಮುಂಗಡ ಕಾದಿರಿಸುವಂತೆಯೂ ಇಲ್ಲ, ಮೊದಲು ಬಂದವರಿಗೆ ಮೊದಲು. ಸ್ಥಳ ದೊರೆಯದಿದ್ದರೆ ಊರಿನ ಕಡಲತಡಿಗೆ ಹೋಗುವುದೆಂದು ನಾವು ಮೊದಲೇ ನಿಶ್ಚಯಿಸಿದ್ದೆವು. ಆದರೆ ಸ್ಥಳ ದೊರೆಯಿತು. ಅಲ್ಲಿ ಡೇರೆಯೊಳಗೆ ಒಂದು ಹಿಡಿ ಅವಲಕ್ಕಿಯನ್ನೂ ಇರಿಸಿಕೊಳ್ಳಲಾಗದು. ಆಹಾರವನ್ನೂ ಸುವಾಸನೆಯ ಸಾಬೂನನ್ನೂ ಎಲ್ಲರಿಗೂ ಮೀಸಲಾದ ಭದ್ರವಾದ ಕೋಣೆಯಲ್ಲಿರಿಸಿ, ಅಲ್ಲಿಯೇ ಅಡುಗೆ ಮಾಡಿ, ಅಲ್ಲಿಯೇ ಉಣ್ಣಬೇಕು. ಕರಡಿಯ ಮೂಗು ನಮ್ಮ ನೆರೆಹೊರೆಯವರ ಮೂಗಿಗಿಂತ ಸೂಕ್ಷ್ಮ. ರಾತ್ರಿ ಹತ್ತು ಗಂಟೆಯಾದರೂ ಬೆಳಕು ಆರದ ಆ ನಾಡಿನಲ್ಲಿ ಮುಖಕ್ಕೆ ಪಂಚೆಯ ಸೆರಗನ್ನು ಹೊದ್ದು ನಿದ್ರಿಸಿದೆವು.

ಮರುದಿನದ ಆರೋಹಣವೇ ಈ ಪ್ರವಾಸದ ಮುಖ್ಯ ಉದ್ದೇಶವಾಗಿತ್ತು. ಕಣಿವೆಯಿಂದ ಹಿಮಕ್ಷೇತ್ರದ ಅಂಚಿಗೆ ಹೋಗಿಬರಲು ೮.೨ ಮೈಲಿ, ಪ್ರತಿ ಮೈಲಿಗೆ ಸುಮಾರು ಸಾವಿರ ಅಡಿಯ ಏರು. ಆ ತುದಿಯಲ್ಲಿ ನಿಂತರೆ ದಿಗಂತದವರೆಗೆ ಹಿಮವೊಂದೇ, ಅದರ ನಡುವೆ ಒಂಟಿ ಶಿಖರಗಳು ಮಾತ್ರ ತಲೆಯೆತ್ತಿರುವ ದೃಶ್ಯ ಕಾಣುತ್ತದೆಂದು ಓದಿದ್ದೆವು. ಆ ಕಣಿವೆಯಲ್ಲಿ ಮೊಬೈಲ್ ಫೋನಿನ ಸಂಪರ್ಕವಿಲ್ಲ. ಆದ್ದರಿಂದ ಹಡಗಿನ ಊಟದ ಮೇಜಿನ ಮೇಲೆಯೇ ನಾವು ಸ್ವಹಸ್ತದಿಂದ ಒಂದು ಕಾಗದದಲ್ಲಿ ಮೂರು ನಿಯಮಗಳನ್ನು ಬರೆದು ಮಗನ ಜೇಬಿಗೆ ಕೊಟ್ಟಿದ್ದೆವು. ಒಂದು, ಬೆಳಗ್ಗೆ ಒಂಬತ್ತಕ್ಕೆ ಆರೋಹಣದ ಆರಂಭ. ಎರಡು, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿಯೇ ಇದ್ದರೂ ಹಿಂದಿರುಗುವುದು. ಮೂರು, ಕೆಳಗಿನ ಮಾಹಿತಿ ಕೇಂದ್ರದಲ್ಲಿ ಕಾಯುವ ತಾಯಿಯವರು ನಾಲ್ಕೂವರೆಯವರೆಗೆ ನೋಡಿ, ನಾವು ಬಾರದಿದ್ದರೆ ಉದ್ಯಾನದ ಅಧಿಕಾರಿಗೆ ತಿಳಿಸುವುದು. ಹಿರಿಯರಾದ ನಾವು ಹುಡುಗನ ಉತ್ಸಾಹಕ್ಕೆ ಕಡಿವಾಣ ಹಾಕಿದೆವೆಂಬ ತೃಪ್ತಿಯಿಂದ ಅಂದು ಕಾಫಿ ಕುಡಿದೆವು.

ಆರಂಭದಲ್ಲಿ ದಟ್ಟವಾದ ಪೊದೆಗಳ ಹಾದಿ. ಕರಡಿಗೆ ಮನುಷ್ಯರ ಸುಳಿವು ಮೊದಲೇ ತಿಳಿಯಬೇಕು, ಆದ್ದರಿಂದ ಸದ್ದು ಮಾಡುತ್ತ ನಡೆಯಿರಿ, ಎದುರಾದರೆ ಮಾತ್ರ ಓಡಬೇಡಿರಿ ಎಂದು ಅಧಿಕಾರಿಗಳು ಎಚ್ಚರಿಸಿದ್ದರು. ಬಾಲ್ಯದಲ್ಲಿ ಕಂಠಪಾಠ ಮಾಡಿದ್ದ ಅಮರಕೋಶವನ್ನು ನಾವು ಉಚ್ಚಸ್ವರದಲ್ಲಿ ಹೇಳುತ್ತ ನಡೆದೆವು. ಯಾವ ಕರಡಿಯೂ ಸಮೀಪಕ್ಕೆ ಬರಲಿಲ್ಲ. ಪಾಠಶಾಲೆಯಲ್ಲಿ ಸಹಪಾಠಿಗಳೂ ಹೀಗೆಯೇ ದೂರ ಸರಿಯುತ್ತಿದ್ದುದು ನೆನಪಾಯಿತು. ‘ಮಾರ್ಮಟ್ ಮೆಡೋಸ್’ ಎಂಬ ಹುಲ್ಲುಗಾವಲನ್ನು ದಾಟಿ ಬಂಡೆಗಳ ನೆತ್ತಿಯನ್ನು ಮುಟ್ಟಿದಾಗ, ಎಡಬದಿಗೆ ಸೀಳುಸೀಳಾದ ನೀಲಿ ಹಿಮನದಿಯು ಸಂಪೂರ್ಣವಾಗಿ ಕಾಣಿಸಿತು. ಅಲ್ಲಿಂದ ಮುಂದೆ ಅಲ್ಲಲ್ಲಿ ಹಿಮದ ಹಾಸು. ನಮ್ಮ ಬಲ ಮೊಣಕಾಲು ಮಾತನಾಡತೊಡಗಿತ್ತು; ನಾವು ಅದನ್ನು ಮಗನಿಗೆ ತಿಳಿಸಲಿಲ್ಲ.

ಒಂದು ಗಂಟೆಯಾದಾಗ ತುದಿಗೆ ಇನ್ನೂ ಒಂದು ಮೈಲಿ ಉಳಿದಿತ್ತು. ಮಗನು ನಿಂತನು. ನಾವು ನಿಲ್ಲಲಿಲ್ಲ. ‘ಇಷ್ಟು ದೂರ ಬಂದಾಗಿದೆ, ಅರ್ಧ ಗಂಟೆಯ ಮಾತು. ನಮ್ಮ ವಯಸ್ಸಿಗೆ ಮತ್ತೊಮ್ಮೆ ಬರುವುದುಂಟೆ?’ ಎಂದೆವು. ಅವನು ವಾದಿಸಲಿಲ್ಲ, ಜೇಬಿನಿಂದ ಕಾಗದವನ್ನು ತೆಗೆದು ನಮ್ಮ ಕೈಗಿತ್ತನು. ನಮ್ಮದೇ ಅಕ್ಷರ, ಎರಡನೆಯ ಸಾಲು. ಹತ್ತು ನಿಮಿಷ ನಾವು ಮುನಿಸಿನಿಂದ ಆ ಹಿಮದ ಮೇಲೆ ನಿಂತೆವು. ಇಡೀ ಆಯುಷ್ಯ ಅನ್ಯರ ಬರಹದಲ್ಲಿ ದೋಷ ಹುಡುಕಿದ ನಮಗೆ, ನಮ್ಮ ಬರಹದಲ್ಲಿ ಒಂದು ದೋಷವೂ ದೊರೆಯಲಿಲ್ಲ. ಹಿಂದಿರುಗಿದೆವು.

ಇಳಿಜಾರಿನಲ್ಲಿ ಮೊಣಕಾಲಿನ ಗುಟ್ಟು ರಟ್ಟಾಯಿತು. ಮಗನ ಭುಜವನ್ನು ಹಿಡಿದು, ಬಂಡೆ ಬಂಡೆಗೂ ಕುಳಿತು, ಮಾಹಿತಿ ಕೇಂದ್ರದ ಬಳಿಗೆ ಬಂದಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ನಮ್ಮ ಧರ್ಮಪತ್ನಿಯವರು ಬಾಗಿಲ ಬಳಿ ನಿಂತಿದ್ದರು. ಅವರ ಕೈಯಲ್ಲಿಯೂ ಒಂದು ಚೀಟಿ. ‘ನನ್ನ ಪತಿ ಮತ್ತು ಮಗ ಬೆಟ್ಟದಿಂದ ಇಳಿದು ಬಂದಿಲ್ಲ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನು ಮಗನಿಂದ ಕೇಳಿ ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದರು. ಮೂರೂವರೆಯಿಂದ ಅದನ್ನೇ ಮನಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದರಂತೆ. ಆ ಒಂದು ಮೈಲಿಯನ್ನು ನಾವು ಮುಂದುವರಿದಿದ್ದರೆ ಅವರು ಆ ವಾಕ್ಯವನ್ನು ಅಪರಿಚಿತರ ಮುಂದೆ ಹೇಳಬೇಕಾಗುತ್ತಿತ್ತು. ಅದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಸಂಜೆ ಅವರು ನಮ್ಮನ್ನು ಕಣಿವೆಯ ಸಮತಟ್ಟಾದ ಹಾದಿಯಲ್ಲಿ ನಿಧಾನವಾಗಿ ಕರೆದೊಯ್ದರು. ಹಿಮನದಿಯು ಯಾವ ವರ್ಷ ಎಲ್ಲಿಯವರೆಗೆ ಚಾಚಿತ್ತೆಂದು ಸೂಚಿಸುವ ಫಲಕಗಳು ಅಲ್ಲಿವೆ. ೧೯೧೭ರ ಫಲಕ, ಮುಂದೆ ೧೯೫೧ರದು. ನಮ್ಮ ಜನನಕ್ಕೆ ಹತ್ತು ವರ್ಷ ಮೊದಲು ಹಿಮವಿದ್ದ ಸ್ಥಳದಲ್ಲಿ ಇಂದು ಮರಗಳು ಬೆಳೆದಿವೆ. ಹಿಮನದಿಯು ಬಹುದೂರ ಹಿಂದೆ ಸರಿದಿದೆ. ಭೂಮಿಯ ತಾಪ ಏರಿದಂತೆಲ್ಲ ಅದು ಇನ್ನೂ ಸರಿಯುತ್ತಿದೆ. ನಾವು ನೋಡಲು ಓಡಿದ ಹಿಮಕ್ಷೇತ್ರಕ್ಕಿಂತ, ಅವರು ಕಾಯುತ್ತ ಕಂಡ ಈ ಫಲಕಗಳು ನಮಗೆ ಹೆಚ್ಚಿನದನ್ನು ತಿಳಿಸಿದವು.

ಮರುದಿನ ವಿಶ್ರಾಂತಿ. ಅದೂ ಯೋಜನೆಯಲ್ಲಿ ಬರೆದಿದ್ದ ದಿನವೇ ಆಗಿತ್ತು. ಹಾಗೆ ಬರೆದಿರದಿದ್ದರೆ ಊದಿದ ಕಾಲಿನಿಂದ ಆಂಕರೇಜ್‌ವರೆಗಿನ ೧೨೭ ಮೈಲಿ ಪಯಣಿಸುವುದು ಕಷ್ಟವಾಗುತ್ತಿತ್ತು. ಹಡಗಿನಲ್ಲಿ ಮರಳುವ ಹೊತ್ತನ್ನು ಕಪ್ತಾನನು ಹೇಳುತ್ತಾನೆ, ನೆಲದ ಮೇಲೆ ನಾವೇ ಹೇಳಿಕೊಳ್ಳಬೇಕು. ಬಂಧುಗಳು ಇಂತಹ ಪ್ರವಾಸಕ್ಕೆ ಹೊರಡುವುದಾದರೆ ಅಗತ್ಯವಾಗಿ ಹೊರಡಲಿ. ಆದರೆ ಎಲ್ಲಿಗೆ ಹೋಗಬೇಕೆಂಬುದರ ಜೊತೆಗೆ ಎಲ್ಲಿಂದ ಹಿಂದಿರುಗಬೇಕೆಂಬುದನ್ನೂ ಮೊದಲೇ ಬರೆದಿಡಲಿ. ಆ ಕಾಗದವನ್ನು ಮಾತ್ರ ಹಿರಿಯರ ಜೇಬಿನಲ್ಲಿ ಇಡದಿರಲಿ.