ರದ್ದಿಗೆ ಮರುಜನ್ಮ

ಮನುಷ್ಯನಿಗೆ ಪುನರ್ಜನ್ಮವುಂಟೋ ಇಲ್ಲವೋ ಎಂಬ ಚರ್ಚೆಯನ್ನು ದಾರ್ಶನಿಕರಿಗೆ ಬಿಡಬಹುದು. ಕಾಗದಕ್ಕೆ ಅದು ಉಂಟೆಂಬುದರಲ್ಲಿ ಸಂದೇಹವಿಲ್ಲ. ಒಂದಲ್ಲ, ಐದಾರು ಜನ್ಮಗಳೇ ಉಂಟು. ಹಳೆಯ ಕಾಗದವನ್ನು ನೀರಿನಲ್ಲಿ ನೆನೆಸಿ, ಕಡೆದು, ಮಸಿ ಕಳೆದು, ಮತ್ತೆ ಹಾಳೆಯಾಗಿ ಹಾಸಿದರೆ ಅದು ಮತ್ತೊಮ್ಮೆ ಲೇಖನಿಗೆ ಸಿದ್ಧ. ಪ್ರತಿ ಜನ್ಮದಲ್ಲಿಯೂ ಅದರ ನಾರು ತುಸು ತುಸು ಗಿಡ್ಡವಾಗುತ್ತ, ಬಲಗುಂದುತ್ತ ಹೋಗಿ, ಕಡೆಗೆ ರಟ್ಟಾಗಿಯೋ ಮೊಟ್ಟೆಯ ತಟ್ಟೆಯಾಗಿಯೋ ಮುಕ್ತಿ ಪಡೆಯುತ್ತದೆ. ಆದರೆ ಕಾಗದದ ಪುನರ್ಜನ್ಮ ಕರ್ಮಾಧೀನವಲ್ಲ, ಕೊಳ್ಳುವವನ ಅಧೀನ. ಕೊಳ್ಳುವವನಿಲ್ಲದಿದ್ದರೆ ಎಷ್ಟು ಪುಣ್ಯ ಮಾಡಿದ ಕಾಗದವೂ ತಿಪ್ಪೆಯನ್ನೇ ಸೇರಬೇಕು.

ದಾವಣಗೆರೆಯ ಮಧ್ಯಮವರ್ಗದ ಮನೆಗಳಿಗೆ ಈ ತತ್ತ್ವವನ್ನು ಯಾರೂ ಬೋಧಿಸಬೇಕಾಗಿಲ್ಲ. ವಾರಪತ್ರಿಕೆ ಮನೆಗೆ ಬಂದರೆ ಮೊದಲು ಧಾರಾವಾಹಿ. ಓದಿ ಮುಗಿದ ಮೇಲೆ ಆ ಪುಟಗಳು ಜೋಪಾನವಾಗಿ ಬೇರ್ಪಟ್ಟು, ದಾರದ ಹೊಲಿಗೆ ಕಂಡು, ರಟ್ಟು ಹೊದ್ದು, ಕಾದಂಬರಿಯಾಗಿ ಕಪಾಟು ಸೇರುವುದು ಎಷ್ಟೋ ಮನೆಗಳ ಸಂಪ್ರದಾಯವಾಗಿತ್ತು. ಬಣ್ಣದ ಪುಟ ಮಕ್ಕಳ ಪುಸ್ತಕಕ್ಕೆ ಹೊದಿಕೆ. ಉಳಿದದ್ದು ಅಡಿಗೆಮನೆಯ ಡಬ್ಬಿಗಳ ಕೆಳಗಿನ ಹಾಸು. ಕಟ್ಟಕಡೆಗೆ ತಕ್ಕಡಿ ಹಿಡಿದು ಬಂದ ರದ್ದಿಯವನ ಪಾಲು. ಅಲ್ಲಿಂದ ಮುಂದೆ ಮಂಡಕ್ಕಿಯ ಅಂಗಡಿ. ಮಂಡಕ್ಕಿಯನ್ನೂ ಮೆಣಸಿನಕಾಯಿಯನ್ನೂ ಮೆಲ್ಲುತ್ತ, ಪೊಟ್ಟಣದ ಮೇಲಿನ ಅರ್ಧ ಕಥೆಯನ್ನೋದಿ, ಉಳಿದರ್ಧಕ್ಕಾಗಿ ಪಕ್ಕದವರ ಪೊಟ್ಟಣದತ್ತ ಕಣ್ಣು ಹಾಯಿಸಿದವರು ಆ ಊರಿನಲ್ಲಿ ಅನೇಕರಿದ್ದಾರು. ಮುದ್ರಣದ ಮಸಿ ಹೊಟ್ಟೆಗೆ ಹಿತವಲ್ಲವೆಂದು 2018ರ ಆಹಾರ ಸುರಕ್ಷತಾ ನಿಯಮಗಳು ಅಂಥ ಪೊಟ್ಟಣವನ್ನು ನಿಷೇಧಿಸಿದುವು. ಒಳ್ಳೆಯದೇ ಆಯಿತು. ಆದರೆ ಪೊಟ್ಟಣವಾಗದ ರದ್ದಿ ಇನ್ನೇನಾಗಬೇಕು ಎಂಬ ಪ್ರಶ್ನೆ ಅಂದಿನಿಂದ ಇನ್ನಷ್ಟು ಗಂಭೀರವಾಯಿತು.

ಹಿಂದೆ ಸರ್ಕಾರದ ಕಚೇರಿಗಳಲ್ಲಿಯೂ ಮನೆಯ ಮಿತವ್ಯಯವೇ ನಡೆಯುತ್ತಿತ್ತು. ಹಳೆಯ ತಲೆಮಾರಿನ ಗುಮಾಸ್ತ ಕರಡನ್ನು ಹೊಸ ಹಾಳೆಯ ಮೇಲೆ ಬರೆಯುತ್ತಿರಲಿಲ್ಲ. ಒಂದು ಮಗ್ಗುಲು ಖಾಲಿಯಿರುವ ಹಳೆಯ ಹಾಳೆಯನ್ನು ಹುಡುಕುತ್ತಿದ್ದ. ಬಂದ ಲಕೋಟೆಯ ಮೇಲೆ ಚೀಟಿ ಅಂಟಿಸಿ ಅದನ್ನೇ ಮತ್ತೆ ಅಂಚೆಗೆ ಹಾಕುತ್ತಿದ್ದ. ಗಾಂಧೀಜಿಯವರು ಬಳಸಿದ ಕಾಗದದ ಬೆನ್ನ ಮೇಲೆ ಬರೆಯುತ್ತಿದ್ದರೆಂಬುದನ್ನು ಕೇಳಿ ಬೆಳೆದ ಪೀಳಿಗೆ ಅದು. ಅದರಲ್ಲಿ ಅವಮಾನವೇನೂ ಕಾಣುತ್ತಿರಲಿಲ್ಲ.

1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವಾಯಿತು. ಕಚೇರಿಗಳು ಹೆಚ್ಚಿದುವು, 2009ರಲ್ಲಿ ವಿಶ್ವವಿದ್ಯಾನಿಲಯವೂ ಬಂದಿತು, 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಊರಿನ ಹೆಸರು ಸೇರಿತು. ಗಣಕಯಂತ್ರ ಬಂದರೆ ಕಾಗದ ಕಣ್ಮರೆಯಾಗುವುದೆಂದು ಬಲ್ಲವರು ನುಡಿದಿದ್ದರು. ಕಡತಗಳು ಎಷ್ಟೋ ಪರದೆಯ ಮೇಲೇರಿದುದು ನಿಜ. ಆದರೆ ಯಂತ್ರದ ಜೊತೆಗೆ ಮುದ್ರಕವೂ ಬಂದಿತಲ್ಲ! ಹಿಂದೆ ಒಂದು ಅಕ್ಷರ ತಪ್ಪಿದರೆ ಗೀಟು ಹೊಡೆದು ಮೇಲೆ ತಿದ್ದುತ್ತಿದ್ದರು. ಈಗ ಒಂದು ಅಲ್ಪವಿರಾಮ ತಪ್ಪಿದರೂ ಹೊಸದೊಂದು ಪ್ರತಿ ಹೊರಬರುತ್ತದೆ. ಮಾಹಿತಿಗಾಗಿ ಇವರಿಗೊಂದು, ಸೂಕ್ತ ಕ್ರಮಕ್ಕಾಗಿ ಅವರಿಗೊಂದು, ಕಚೇರಿಗೊಂದು. ಇನ್ನು ರಾಜ್ಯಪತ್ರ, ವರದಿಗಳು, ಶಾಲೆಯ ಪಠ್ಯಪುಸ್ತಕಗಳು ಎಂದು ಲೆಕ್ಕ ಹಾಕುತ್ತ ಹೋದರೆ, ನಾಡಿನಲ್ಲಿ ಸರ್ಕಾರದಷ್ಟು ದೊಡ್ಡ, ಸರ್ಕಾರದಷ್ಟು ನಿಶ್ಚಿತ ಕಾಗದದ ಗಿರಾಕಿ ಮತ್ತೊಬ್ಬನಿರುವುದು ಕಷ್ಟ.

ವಿನೋದವಿರುವುದು ಇಲ್ಲಿಯೇ. ಕಾಲಾವಧಿ ಮುಗಿದ ಕಡತಗಳನ್ನು ಸರ್ಕಾರ ತೂಕಕ್ಕೆ ಹಾಕಿ ಮಾರುತ್ತದೆ. 2021ರಿಂದ ಪ್ರತಿ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಇಲಾಖೆಗಳು ವಿಶೇಷ ಅಭಿಯಾನವನ್ನೇ ನಡೆಸಿ, ಹಳೆಯ ಕಡತಗಳನ್ನೂ ಗುಜರಿಯನ್ನೂ ವಿಲೇವಾರಿ ಮಾಡಿ, ಬಂದ ಹಣದ ಲೆಕ್ಕವನ್ನು ಅಭಿಮಾನದಿಂದ ಪ್ರಕಟಿಸುತ್ತಿವೆ. ಒಂದು ಬಾಗಿಲಿನಿಂದ ರದ್ದಿ ಹೊರಗೆ. ಇನ್ನೊಂದು ಬಾಗಿಲಿನಿಂದ ಹಾಲಿನಂತೆ ಬೆಳ್ಳಗಿನ ಹೊಸ ಕಾಗದ ಒಳಗೆ. ಮಾರುವ ಲೆಕ್ಕದ ಪುಸ್ತಕಕ್ಕೂ ಕೊಳ್ಳುವ ಲೆಕ್ಕದ ಪುಸ್ತಕಕ್ಕೂ ಪರಿಚಯವಿಲ್ಲ; ಒಂದೇ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟಂತೆ.

ಮಾತು ಬಿಡಿಸಿದುದು ಯಾವುದು? ಬಹುಮಟ್ಟಿಗೆ ಟೆಂಡರಿನ ಒಂದೆರಡು ಸಾಲು. 1999ರ ಪಾರದರ್ಶಕತೆ ಕಾಯಿದೆಯಂತೆ ಕರ್ನಾಟಕದ ಇಲಾಖೆಗಳು ಬಹಿರಂಗ ಸ್ಪರ್ಧೆಯಲ್ಲಿ ಕೊಳ್ಳಬೇಕು. ಕೇಳಿದ ಗುಣವಿದ್ದು ಕಡಿಮೆ ಬೆಲೆ ಹೇಳಿದವನಿಗೆ ಸಾಮಾನ್ಯವಾಗಿ ಸರಬರಾಜು ದೊರೆಯುತ್ತದೆ. ನಿಯಮ ನ್ಯಾಯವಾದದ್ದೇ. ಆದರೆ ಕೇಳುವ ಗುಣವನ್ನು ಬರೆಯುವವರು ‘ಅತ್ಯಂತ ಬಿಳುಪು’ ಎಂದು ಬರೆದುಬಿಟ್ಟರೆ, ಮರುಬಳಕೆಯ ಕಾಗದವನ್ನು ಹೆಸರೆತ್ತದೆಯೇ ಹೊರಗೆ ನಿಲ್ಲಿಸಿದಂತಾಯಿತು. ಅದರ ಮೈಬಣ್ಣ ತುಸು ಮಾಸಲು. ಹೆಣ್ಣು ನೋಡಲು ಬಂದವರು ಗುಣ ಕೇಳದೆ ಬಣ್ಣ ಕೇಳುವಂತೆ, ಕಚೇರಿಯೂ ಬಣ್ಣ ಕೇಳುತ್ತದೆ. ಇದರ ಪೆಟ್ಟು ಬೀಳುವುದು ಎಲ್ಲಿಯೋ ಬಹು ಕೆಳಗೆ: ಬೆಳಗಿನಿಂದ ಬೀದಿ ಸುತ್ತಿ ಕಾಗದ ಆಯುವವರ ಮೇಲೆ, ಗೋದಾಮಿನಲ್ಲಿ ಕುಳಿತು ಅದನ್ನು ಬೇರ್ಪಡಿಸುವ ಹೆಂಗಸರ ಮೇಲೆ. ಕೊಳ್ಳುವವರು ಕಡಿಮೆಯಾದರೆ ರದ್ದಿಯ ಬೆಲೆ ಇಳಿಯುತ್ತದೆ. ರದ್ದಿಯ ಬೆಲೆ ಇಳಿದ ದಿನ ಅವರ ಒಲೆಯ ಉರಿಯೂ ಇಳಿಯುತ್ತದೆ.

ಹೊಸ ಕಾಗದ ಅಗ್ಗ, ಮರುಬಳಕೆಯದು ದುಬಾರಿ ಎಂಬ ಆಕ್ಷೇಪವನ್ನೂ ಕೇಳುವುದುಂಟು. ಹೊಸದು ಅಗ್ಗವಾದುದು ಹೇಗೆ? 1958ರ ಸುಮಾರಿಗೆ ದಾಂಡೇಲಿಯ ಕಾಗದದ ಕಾರ್ಖಾನೆಗೆ ಸರ್ಕಾರ ಕಾಡಿನ ಬಿದಿರನ್ನು ಕೊಟ್ಟುದು ಟನ್ನಿಗೆ ಒಂದೂವರೆ ರೂಪಾಯಿಗೆ. ಅದೇ ಬಿದಿರಿನಿಂದ ಮೊರ ಬುಟ್ಟಿ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ತೆರುತ್ತಿದ್ದುದು ಅದರ ಎಷ್ಟೋ ಪಾಲು ಹೆಚ್ಚು. ಕಾಡಿನ ಬೆಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮಾಡಿದ ವಸ್ತು ಅಗ್ಗವಾಗಿ ಕಾಣುವುದರಲ್ಲಿ ಆಶ್ಚರ್ಯವೇನು?

ಲೆಕ್ಕಕ್ಕೆ ಬಾರದ ಆ ಬೆಲೆಯನ್ನು ಕಣ್ಣಾರೆ ಕಂಡ ಊರು ದಾವಣಗೆರೆಯ ನೆರೆಯಲ್ಲಿಯೇ ಇದೆ. ಹರಿಹರದ ಸೇತುವೆ ದಾಟಿದರೆ ತುಂಗಭದ್ರೆಯ ಆಚೆಯ ದಡದಲ್ಲಿ ಕುಮಾರಪಟ್ಟಣ. 1972ರಲ್ಲಿ ಅಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಅಲ್ಲಿ ತಯಾರಾದುದು ಕಾಗದವಲ್ಲ, ರೇಯಾನ್ ಬಟ್ಟೆಗೆ ಬೇಕಾದ ತಿರುಳು. ಆದರೂ ಮರ ಕಡಿದು, ಬೇಯಿಸಿ, ನಾರು ತೆಗೆಯುವ ಕೆಲಸ ಎರಡಕ್ಕೂ ಸಮಾನ; ಬೇಡುವ ಮರವೂ ಬೇಡುವ ನೀರೂ ಸಮಾನ. ಬೇಯಿಸಿದ ನೀರು ನದಿ ಸೇರಿ ಮೀನು ಸತ್ತುವೆಂದು, ದನಕರುಗಳಿಗೆ ಕುಡಿಯಲು ಹೊಳೆಯಿದ್ದೂ ಇಲ್ಲದಂತಾಯಿತೆಂದು 1980ರ ದಶಕದಲ್ಲಿ ದಡದ ಹಳ್ಳಿಗಳವರು ದೂರಿದರು. ಬಡಿಗೆಯ ನೆರವಿಲ್ಲದೆ, ಸಮಾಜ ಪರಿವರ್ತನ ಸಮುದಾಯದಂಥ ಸಂಘಟನೆಗಳ ನೆರವಿನಿಂದ ಹೋರಾಡಿದರು.

1984ರಲ್ಲಿ ಸರ್ಕಾರವೂ ಆ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರ್ ಸಮುದಾಯದ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಾಗ ಹೋರಾಟ ಇನ್ನಷ್ಟು ಹರಡಿತು. ಸರ್ಕಾರಿ ದಾಖಲೆಯಲ್ಲಿ ಪಾಳು ಎನಿಸಿದ ಆ ನೆಲ ಊರಿನವರಿಗೆ ದನ ಮೇಯುವ, ಸೌದೆ ಆಯುವ, ಸೊಪ್ಪು ತರುವ ನೆಲ. ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರಲ್ಲಿ ಶಿವರಾಮ ಕಾರಂತರೂ ಒಬ್ಬರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಹಳ್ಳಿಯ ಜನ ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದೇ ಆ ಸತ್ಯಾಗ್ರಹಕ್ಕೆ ಹೆಸರು. 1991ರಲ್ಲಿ ಸಂಸ್ಥೆಯನ್ನು ಮುಚ್ಚುವ ನಿರ್ಧಾರವಾಯಿತು. ನಾರಿನ ನಿಜವಾದ ಬೆಲೆಯಲ್ಲಿ ಇವೆಲ್ಲ ಸೇರಿವೆ: ಒಂದು ಹೊಳೆ, ಒಂದು ಗೋಮಾಳ, ಒಂದು ಹೊರೆ ಸೌದೆ. ಕಾಗದದ ಕಟ್ಟಿನ ಮೇಲೆ ಅಚ್ಚಾದ ಬೆಲೆಯಲ್ಲಿ ಅವು ಸೇರಿಲ್ಲ.

ಮರುಬಳಕೆಯ ಕಾಗದವೇನೂ ದೇವಲೋಕದಿಂದ ಇಳಿದುದಲ್ಲ. ಅದಕ್ಕೂ ನೀರು ಬೇಕು. ಕಳೆದ ಮಸಿಯ ರಾಡಿಯನ್ನು ಹೊಳೆಗೆ ಬಿಡದೆ ಸಂಸ್ಕರಿಸಬೇಕು. ಆದರೆ ಮರವನ್ನು ಬೇಯಿಸಿ ನಾರು ಬಿಡಿಸುವ ಮಹಾಕಾರ್ಯ ಒಮ್ಮೆ ಮುಗಿದಿರುವುದರಿಂದ ಮರವೂ ನೀರೂ ಉರುವಲೂ ಉಳಿಯುತ್ತವೆ. ಇನ್ನು ಅದು ಬಾಳಿಕೆ ಬಾರದೆಂಬ ಭಯ. ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ. ಅಲ್ಲಿಯ ಶಾಸನಗಳು ಇಂದಿಗೂ ನಿಂತಿವೆ. ಕಲ್ಲಿನಲ್ಲಿ ಕೊರೆಯಬೇಕಾದ ಮಾತು ಬೇರೆ, ನಾಳಿನ ಸಭೆಯ ಸೂಚನಾಪತ್ರ ಬೇರೆ. ಭೂದಾಖಲೆಗೂ ತೀರ್ಪಿಗೂ ನೂರು ವರ್ಷ ಬಾಳುವ ಉತ್ತಮ ಕಾಗದ ಇರಲಿ. ವಾರದಲ್ಲಿ ಸಾಯುವ ಸುತ್ತೋಲೆಗೆ ಅದೇಕೆ? ಹರಿ ಕಾಯುವವನು, ಹರ ಲಯಗೊಳಿಸುವವನು. ಎರಡೂ ಒಂದೇ ವಿಗ್ರಹದಲ್ಲಿ ಕೂಡಿರುವ ಊರಿಗೆ, ಯಾವುದನ್ನು ಕಾಯಬೇಕು, ಯಾವುದನ್ನು ಕರಗಿಸಬೇಕು ಎಂಬ ವಿವೇಕ ಹೊಸದಲ್ಲ.

ಹೊರಗಿನ ದೇಶಗಳು ಈ ವಿವೇಕವನ್ನು ಕಾನೂನಿನಲ್ಲಿ ಬರೆದಿವೆ. ಅಮೆರಿಕದಲ್ಲಿ 1976ರ ಕಾಯಿದೆಯೊಂದು ಮರುಬಳಕೆಯ ಸಾಮಗ್ರಿಯನ್ನು ಸರ್ಕಾರ ಕೊಳ್ಳಬೇಕೆಂದಿತು. 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ ಆಜ್ಞೆ, ಇಲಾಖೆಗಳು ಕೊಳ್ಳುವ ಬರೆವಣಿಗೆಯ ಕಾಗದದಲ್ಲಿ ಬಳಸಿ ಬಿಟ್ಟ ಕಾಗದದ ನಾರು 1994ರ ಕೊನೆಗೆ ಶೇಕಡ 20, 1998ರ ಕೊನೆಗೆ ಶೇಕಡ 30 ಇರಬೇಕೆಂದು ವಿಧಿಸಿತು. ಜಪಾನ್ 2000ದಲ್ಲಿ ಹಸಿರು ಖರೀದಿಯ ಕಾನೂನು ಮಾಡಿತು. ಅಲ್ಲಿಯೇ 2008ರಲ್ಲಿ ದೊಡ್ಡ ದೊಡ್ಡ ಕಾಗದದ ಕಂಪನಿಗಳು, ತಾವು ಹೇಳಿದಷ್ಟು ಹಳೆಯ ನಾರನ್ನು ಬೆರೆಸಿರಲಿಲ್ಲವೆಂದು ತಲೆತಗ್ಗಿಸಿ ಒಪ್ಪಿಕೊಂಡುವು. ಕಾನೂನಿನ ಜೊತೆಗೆ ಪರೀಕ್ಷಿಸುವ ಕಣ್ಣೂ ಬೇಕೆಂಬುದು ಅದರ ಪಾಠ.

ಭಾರತದಲ್ಲಿ 1991ರಲ್ಲಿಯೇ ಪರಿಸರಸ್ನೇಹಿ ವಸ್ತುಗಳಿಗೆ ಮಣ್ಣಿನ ಮಡಕೆಯ ಚಿತ್ರದ ‘ಇಕೋಮಾರ್ಕ್’ ಮುದ್ರೆ ಬಂದಿತು. ಕಾಗದವೂ ಅದರ ಪಟ್ಟಿಯಲ್ಲಿತ್ತು. 2024ರಲ್ಲಿ ಅದಕ್ಕೆ ಹೊಸ ನಿಯಮಗಳಾದುವು. ಮುದ್ರೆ ಇದೆ, ಕೇಳುವವರು ಬೇಕು. 1936ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ 1977ರಲ್ಲಿ ಸರ್ಕಾರದ್ದೇ ಆಗಿ, ಕಬ್ಬಿನ ಸಿಪ್ಪೆಯಿಂದಲೂ ಕಾಗದ ಮಾಡಿತು. ಅದರ ಯಂತ್ರಗಳು ನಿಂತು ವರ್ಷಗಳಾದುವು. ತಾನೇ ಕಾಗದ ಮಾಡುತ್ತಿದ್ದ ಸರ್ಕಾರಕ್ಕೆ ಈಗ ಉಳಿದಿರುವುದು ಕೊಳ್ಳುವ ಶಕ್ತಿಯೊಂದೇ. ಅದೇನು ಸಣ್ಣ ಶಕ್ತಿಯಲ್ಲ.

ಒಂದು ಜಿಲ್ಲೆಯ ಕಚೇರಿಗಳು ಬೇಡಿಕೆಯ ಪಟ್ಟಿಯಲ್ಲಿ ಒಂದು ಸಾಲು ಬದಲಾಯಿಸಿದರೆ ಸಾಕು, ರದ್ದಿಯವನ ತಕ್ಕಡಿಯಿಂದ ಹೊಳೆಯ ದಡದವರೆಗೆ ಅದರ ಫಲ ಹರಿಯುತ್ತದೆ. ಕಾಗದ ತುಸು ಮಾಸಲಾಗಿ ಕಾಣಬಹುದು, ಕಾಣಲಿ. ವರ್ಷಗಟ್ಟಲೆ ಕಾದ ಪಿಂಚಣಿಯ ಆದೇಶ ಮಾಸಲು ಕಾಗದದ ಮೇಲೆ ಬಂದಿತೆಂದು ಯಾವ ಮುದುಕಿಯೂ ಅದನ್ನು ಹಿಂದಿರುಗಿಸಲಾರಳು.