ಗೋಷ್ಠಿಯ ಕಟ್ಟಳೆ

ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದು ವಿಶ್ರಾಂತರಾದ ಸಜ್ಜನರೊಬ್ಬರಿದ್ದಾರೆ. ಊರಿನವರೆಲ್ಲರೂ ಅವರನ್ನು ಮೇಷ್ಟರೆಂದೇ ಕರೆಯುವುದರಿಂದ ಇಲ್ಲಿಯೂ ಆ ಹೆಸರೇ ಸಾಕು. ಹದಿನಾರು ವರ್ಷಗಳ ಪರ್ಯಂತ ಅವರ ಮನೆಯ ಜಗಲಿಯಲ್ಲಿ ಶನಿವಾರದ ಸಾಯಂಕಾಲ ಒಂದು ಗೋಷ್ಠಿ ಸೇರುತ್ತಿತ್ತು. ಅಂಚೆಯ ಕೆಲಸದಿಂದ ನಿವೃತ್ತರಾದ ರಾಯರು, ಔಷಧದ ಅಂಗಡಿಯವರು, ವಕೀಲರೊಬ್ಬರು, ಕಾಲೇಜಿನಲ್ಲಿ ಇತಿಹಾಸ ಬೋಧಿಸುವ ಮಹಿಳೆಯೊಬ್ಬರು, ರೇಷ್ಮೆ ಬೆಳೆಯುವ ಇಬ್ಬರು ರೈತರು, ಹೀಗೆ ಎಂಟೊಂಬತ್ತು ಮಂದಿ. ಒಂದೊಂದು ಲೋಟ ಕಾಫಿ, ಒಂದು ಹಿಡಿ ಹುರಿಗಡಲೆ. ಅದರ ಮೇಲೆ ಲೋಕದ ಯಾವ ವಿಷಯವಾದರೂ ಸರಿಯೇ. ಬರುವಾಗ ತಂದ ಅಭಿಪ್ರಾಯವನ್ನು ಒಂದಿಷ್ಟೂ ಸವೆಯದಂತೆ ಮನೆಗೆ ಹಿಂದಕ್ಕೆ ಕೊಂಡೊಯ್ದವರು ಕಡಮೆ. ಅಷ್ಟರಮಟ್ಟಿಗೆ ಅದು ಸಾರ್ಥಕವಾದ ಗೋಷ್ಠಿಯಾಗಿತ್ತು.

ಕಾಲಕ್ರಮದಲ್ಲಿ ಎಲ್ಲರ ಕೈಗೂ ಮೊಬೈಲು ಬಂದಿತು. ವಾರವೆಲ್ಲ ಕಾಯುವುದೇಕೆ, ಮಾತು ನಿತ್ಯವೂ ನಡೆಯಲಿ ಎಂದು ಔಷಧದ ಅಂಗಡಿಯವರು ಗೋಷ್ಠಿಯ ಹೆಸರಿನಲ್ಲಿ ಒಂದು ವಾಟ್ಸಾಪ್ ಗುಂಪನ್ನು ಮಾಡಿದರು. ಉದ್ದೇಶವೇನೋ ಒಳ್ಳೆಯದೇ. ಒಂಬತ್ತು ಮಂದಿಯ ಗುಂಪು ಆರು ತಿಂಗಳಲ್ಲಿ ಇನ್ನೂರಾಯಿತು. ಸ್ನೇಹಿತರ ಸ್ನೇಹಿತರು ಬಂದರು. ಅವರ ನಂಟರು ಬಂದರು. ಬೆಳಗಾಗುತ್ತಲೇ ಹೂವಿನ ಚಿತ್ರಗಳು, ಯಾರೋ ಬರೆದು ಯಾರೋ ಕಳುಹಿಸಿ ಯಾರೂ ಓದದ ಉಪದೇಶಗಳು. ಜಗಲಿಯಲ್ಲಿ ಒಬ್ಬನು ತಪ್ಪಾಡಿದರೆ ಎದುರಿಗಿದ್ದವನ ಹುಬ್ಬು ಏರಿದ್ದನ್ನು ಕಂಡು ತಾನೇ ತಿದ್ದಿಕೊಳ್ಳುತ್ತಿದ್ದನು. ಇಲ್ಲಿ ಹುಬ್ಬು ಕಾಣುವಂತಿರಲಿಲ್ಲ. ಕಾಣುತ್ತಿದ್ದುದು ಇನ್ನೂರು ಮಂದಿ ನೋಡುತ್ತಿದ್ದಾರೆಂಬುದೊಂದೇ.

ಊರ ಕೆರೆಯ ಏರಿಯನ್ನು ಅಗಲಿಸಿ ರಸ್ತೆ ಮಾಡಬೇಕೆ ಬೇಡವೆ ಎಂಬ ಪ್ರಶ್ನೆ ಎದ್ದಾಗ ಆಗಬಾರದ್ದು ಆಯಿತು. ರಾಯರು ರಸ್ತೆ ಬೇಕೆಂದರು, ಮೇಷ್ಟರು ಕೂಡದೆಂದರು. ಒಂದಕ್ಕೊಂದು ಬೆಳೆದು, ರಾತ್ರಿ ಹತ್ತು ಗಂಟೆಯ ಸಮಯಕ್ಕೆ ಮೇಷ್ಟರು ಒಂದು ಸಾಲು ಬರೆದರು: ಹೆಬ್ಬೆಟ್ಟಿನವರ ಮನಿಯಾರ್ಡರು ಬರೆದುಕೊಟ್ಟು ಜೀವ ಸವೆಸಿದವರಿಗೆ ಕೆರೆಯ ಲೆಕ್ಕ ತಿಳಿಯುವುದೆಂತು ಎಂದು. ಬರೆಯುವಾಗ ಅದು ಚಮತ್ಕಾರದ ಮಾತಾಗಿ ತೋರಿತು. ಹಲವರು ನಗೆಯ ಮುಖಗಳನ್ನು ಕಳುಹಿಸಿದರು. ರಾಯರು ಏನನ್ನೂ ಕಳುಹಿಸಲಿಲ್ಲ. ಮುಂದಿನ ಶನಿವಾರ ಅವರು ಜಗಲಿಗೆ ಬರಲಿಲ್ಲ. ಅದರ ಮುಂದಿನ ಶನಿವಾರ ಇನ್ನಿಬ್ಬರು ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಮೇಷ್ಟರು ತಮ್ಮ ಕಾಫಿಯನ್ನು ತಾವೊಬ್ಬರೇ ಕುಡಿಯುವ ಸ್ಥಿತಿ ಬಂದಿತು. ಮೂವತ್ತು ವರ್ಷದ ಸ್ನೇಹ ಒಂದು ಸಾಲಿಗೆ ಮುರಿಯಿತು.

ಅಂತಹ ಒಂದು ಸಂಜೆ ಅವರು ಹೊತ್ತು ಕಳೆಯಲೆಂದು ಕಪಾಟಿನಿಂದ ತೆಗೆದದ್ದು ಬೆಂಜಮಿನ್ ಫ್ರಾಂಕ್ಲಿನ್ನನ ಆತ್ಮಕಥೆ. ಹಿಂದೆ ಅದರ ಭಾಗವನ್ನು ಹುಡುಗರಿಗೆ ಪಾಠ ಹೇಳಿದ್ದುಂಟು. ಆದರೆ ಪಾಠ ಹೇಳುವುದು ಬೇರೆ, ತನಗೆಂದು ಓದುವುದು ಬೇರೆ. 1706ರಲ್ಲಿ ಬಾಸ್ಟನ್ ಪಟ್ಟಣದಲ್ಲಿ ಹುಟ್ಟಿ, ಅಣ್ಣನ ಅಚ್ಚುಕೂಟವನ್ನು ಬಿಟ್ಟು ಓಡಿಹೋಗಿ, ಫಿಲಡೆಲ್ಫಿಯದಲ್ಲಿ ಬದುಕು ಕಟ್ಟಿಕೊಂಡ ಈ ಮುದ್ರಕನು 1727ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಗೆಳೆಯರನ್ನು ಕೂಡಿಸಿ ಜಂಟೋ ಎಂಬ ಗೋಷ್ಠಿಯನ್ನು ಸ್ಥಾಪಿಸಿದನು. ಸೇರುತ್ತಿದ್ದುದು ಶುಕ್ರವಾರದ ಸಾಯಂಕಾಲ. ಸದಸ್ಯರು ದೊಡ್ಡ ಮನುಷ್ಯರಲ್ಲ: ದಸ್ತಾವೇಜುಗಳನ್ನು ನಕಲು ಮಾಡುವವನು, ಭೂಮಾಪಕನು, ಬಡಗಿ, ಪಾದರಕ್ಷೆ ಹೊಲಿಯುವ ಕಸಬಿನವನು, ವರ್ತಕನ ಗುಮಾಸ್ತನು. ತೊಗಲಿನ ಮುಂಬಟ್ಟೆಯವರ ಕೂಟವೆಂದೂ ಅದಕ್ಕೆ ಹೆಸರಿತ್ತು. ಅದು ಸುಮಾರು ನಾಲ್ವತ್ತು ವರ್ಷ ಬಾಳಿತು. ಹದಿನಾರು ವರ್ಷದ ಜಗಲಿಯನ್ನು ಆರು ತಿಂಗಳಲ್ಲಿ ಕಳೆದುಕೊಂಡವರಿಗೆ ಈ ನಾಲ್ವತ್ತರ ರಹಸ್ಯವೇನೆಂದು ತಿಳಿಯುವ ಆಸೆ ಹುಟ್ಟಿದುದು ಸಹಜವೇ.

ರಹಸ್ಯವು ಕಟ್ಟಳೆಯಲ್ಲಿತ್ತು. ಪ್ರತಿಯೊಬ್ಬನೂ ತನ್ನ ಸರದಿ ಬಂದಾಗ ನೀತಿ, ರಾಜಕೀಯ ಅಥವಾ ಪ್ರಕೃತಿವಿಜ್ಞಾನಕ್ಕೆ ಸಂಬಂಧಿಸಿದ ಪ್ರಶ್ನೆಯೊಂದನ್ನು ತರಬೇಕು. ಮೂರು ತಿಂಗಳಿಗೊಮ್ಮೆ ಸ್ವಂತ ಪ್ರಬಂಧವನ್ನು ಬರೆದು ಓದಬೇಕು. ಪ್ರಶ್ನೆಯನ್ನು ಒಂದು ವಾರ ಮೊದಲೇ ಓದಿ ತಿಳಿಸುತ್ತಿದ್ದರು. ಇದರಿಂದ ಮಾತನಾಡುವ ಮುನ್ನ ಓದಿಕೊಳ್ಳುವುದಕ್ಕೆ ಕಾಲವೂ ಉಂಟಾಗುತ್ತಿತ್ತು, ನಾಚಿಕೆಯೂ ಉಂಟಾಗುತ್ತಿತ್ತು. ಚರ್ಚೆ ಅಧ್ಯಕ್ಷನ ಅಧೀನದಲ್ಲಿ, ಸತ್ಯವನ್ನು ಕಾಣುವ ಉದ್ದೇಶದಿಂದ ನಡೆಯಬೇಕೇ ಹೊರತು ಜಗಳದ ಚಪಲದಿಂದಾಗಲಿ ಗೆಲ್ಲುವ ಆಸೆಯಿಂದಾಗಲಿ ಅಲ್ಲ. ತನ್ನ ಮಾತೇ ನಿಶ್ಚಯವೆಂಬ ಧಾಟಿ, ಎದುರಿನವನ ಮಾತನ್ನು ನೇರವಾಗಿ ಅಲ್ಲಗಳೆಯುವುದು, ಇವೆರಡೂ ಕೆಲವು ಕಾಲದ ಮೇಲೆ ನಿಷಿದ್ಧವಾದವು. ಮೀರಿದವನಿಗೆ ಸಣ್ಣದೊಂದು ಜುಲ್ಮಾನೆ.

ಈ ನಿಯಮವನ್ನು ಮಾಡಿದವನು ಸ್ವಭಾವತಃ ಸೌಮ್ಯನೆಂದು ತಿಳಿಯಬಾರದು. ಫ್ರಾಂಕ್ಲಿನ್ನನು ಎಳೆತನದಲ್ಲಿ ಮಹಾವಾದಪ್ರಿಯನು. ಗರ್ವವು ಅವನ ಮಾತಿನಲ್ಲಿ ಹೊರಬೀಳುತ್ತಿದೆಯೆಂದು ಕ್ವೇಕರ್ ಮತದ ಸ್ನೇಹಿತನೊಬ್ಬನು ಮುಖಕ್ಕೇ ಹೇಳಿದ ಮೇಲೆ, ತಾನು ಅಭ್ಯಾಸ ಮಾಡಬೇಕಾದ ಗುಣಗಳ ಪಟ್ಟಿಯಲ್ಲಿ ವಿನಯವನ್ನೂ ಸೇರಿಸಿಕೊಂಡನು. ‘ಖಂಡಿತ’, ‘ನಿಸ್ಸಂದೇಹ’ ಎಂಬಂತಹ ಶಬ್ದಗಳನ್ನು ತೊರೆದು, ‘ಸದ್ಯಕ್ಕೆ ನನಗೆ ಹೀಗೆ ತೋರುತ್ತದೆ’ ಎಂಬ ಧಾಟಿಯನ್ನು ಹಿಡಿದನು. ಮೊದಮೊದಲು ಸ್ವಭಾವದ ಮೇಲೆ ಬಲಾತ್ಕಾರ ಮಾಡಿಯೇ ಅದನ್ನು ಸಾಧಿಸಬೇಕಾಯಿತೆಂದೂ, ವಿನಯದ ಒಳತಿರುಳು ತನಗೆ ಅಷ್ಟಾಗಿ ಒದಗದಿದ್ದರೂ ಹೊರತೋರಿಕೆಯು ಚೆನ್ನಾಗಿ ಒದಗಿತೆಂದೂ ಅವನು ಒಪ್ಪಿಕೊಂಡಿದ್ದಾನೆ. ಇಲ್ಲಿಗೆ ಬಂದಾಗ ಮೇಷ್ಟರು ಪುಸ್ತಕವನ್ನು ಮಡಿಸಿ ಬಹಳ ಹೊತ್ತು ಕುಳಿತಿದ್ದರು.

ಇನ್ನೊಂದು ಸಂಗತಿಯೂ ಅವರ ಮನಸ್ಸನ್ನು ಹಿಡಿಯಿತು. ಜಂಟೋವಿನ ಮಿತಿ ಹನ್ನೆರಡು. ಸದಸ್ಯರು ತಮ್ಮ ಸ್ನೇಹಿತರನ್ನೂ ಸೇರಿಸಿಕೊಳ್ಳಬೇಕೆಂದು ಬಯಸಿದಾಗ ಫ್ರಾಂಕ್ಲಿನ್ನನು ಒಪ್ಪಲಿಲ್ಲ. ಬಂದವರನ್ನು ತಿರಸ್ಕರಿಸಲೂ ಇಲ್ಲ. ಪ್ರತಿಯೊಬ್ಬನೂ ಇದೇ ಕಟ್ಟಳೆಗಳುಳ್ಳ ಬೇರೊಂದು ಕೂಟವನ್ನು ತಾನೇ ಕಟ್ಟಲಿ ಎಂದನು. ಎಲ್ಲರಿಗೂ ಅದು ಸಾಧ್ಯವಾಗಲಿಲ್ಲ. ಐದಾರು ಕೂಟಗಳು ಮಾತ್ರ ಎದ್ದವು. ಆದರೆ ಮೂಲದ ಗೋಷ್ಠಿ ಕೆಡಲಿಲ್ಲ. ಬಾಳೆಯು ಕಂದು ಹಾಕುವಂತೆ ಬೆಳೆಯಿತೇ ಹೊರತು ಬಲೂನಿನಂತೆ ಊದಿಕೊಳ್ಳಲಿಲ್ಲ.

ಎಲ್ಲರಿಗೂ ಆ ಗೋಷ್ಠಿ ಹೊಂದಿತೆಂದಲ್ಲ. ಥಾಮಸ್ ಗಾಡ್‌ಫ್ರೇ ಎಂಬ ಗಣಿತಜ್ಞನು ಪ್ರತಿ ಮಾತಿನಲ್ಲಿಯೂ ಗಣಿತದ ಖಚಿತತೆಯನ್ನು ಅಪೇಕ್ಷಿಸಿ, ಅಲ್ಪ ವಿಷಯಗಳಿಗೂ ತಕರಾರು ತೆಗೆದು, ಬೇಗನೆ ಬಿಟ್ಟುಹೋದನು. ಸದಸ್ಯರೆಲ್ಲರೂ ತಂತಮ್ಮ ಪುಸ್ತಕಗಳನ್ನು ಒಂದೆಡೆ ಇಟ್ಟು ಓದುವ ಏರ್ಪಾಡು, ನೋಡಿಕೊಳ್ಳುವವರಿಲ್ಲದೆ ಸುಮಾರು ಒಂದು ವರ್ಷದಲ್ಲಿಯೇ ಮುರಿಯಿತು. ಆದರೆ ಆ ಮುರಿದ ಏರ್ಪಾಡಿನ ಬೇರಿನಿಂದಲೇ 1731ರಲ್ಲಿ ಚಂದಾದಾರರ ಪುಸ್ತಕಭಂಡಾರವು ಹುಟ್ಟಿತು: ಐವತ್ತು ಮಂದಿ, ಮೊದಲು ತಲಾ 40 ಷಿಲಿಂಗು, ಆಮೇಲೆ ವರ್ಷಕ್ಕೆ 10. ಆ ಭಂಡಾರವು ಇಂದಿಗೂ ಫಿಲಡೆಲ್ಫಿಯದಲ್ಲಿದೆ.

ನಮ್ಮ ನೈಯಾಯಿಕರು ಈ ವಿವೇಕವನ್ನು ಬಹು ಹಿಂದೆಯೇ ಬಲ್ಲವರಾಗಿದ್ದರೆಂಬುದನ್ನು ಮೇಷ್ಟರು ನೆನೆದರು. ಅವರು ಕಥೆಯನ್ನು, ಎಂದರೆ ಶಾಸ್ತ್ರಚರ್ಚೆಯನ್ನು, ಮೂರು ವಿಧವಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯಲೆಂದು ನಡೆಯುವುದು ವಾದ. ಗೆಲ್ಲಲೆಂದು ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಪರಪಕ್ಷವನ್ನು ಮುರಿಯುವುದಷ್ಟೇ ಗುರಿಯಾದುದು ವಿತಂಡೆ. ಜಗಲಿಯಲ್ಲಿ ಹದಿನಾರು ವರ್ಷ ನಡೆದದ್ದು ಬಹುಮಟ್ಟಿಗೆ ವಾದ. ಇನ್ನೂರು ಮಂದಿಯ ಮುಂದೆ ಅದು ಜಲ್ಪವಾಯಿತು. ಅಂದಿನ ರಾತ್ರಿಯ ಆ ಒಂದು ಸಾಲು ವಿತಂಡೆ. ಅದರಲ್ಲಿ ಕೆರೆಯ ಮಾತೇ ಇರಲಿಲ್ಲ. ದೋಷವನ್ನು ಯಂತ್ರದ ಮೇಲೆ ಹೊರಿಸುವುದು ಸುಲಭವಾಗಿತ್ತು. ಆದರೆ ಬೆರಳು ಯಾರದೆಂಬುದನ್ನು ಮೇಷ್ಟರು ಬಲ್ಲರು.

ಮರುದಿನ ಬೆಳಗ್ಗೆ ಅವರು ರಾಯರ ಮನೆಗೆ ನಡೆದರು. ರಾಯರು ತೆಂಗಿನ ಗಿಡದ ಪಾತಿ ಮಾಡಿಸುತ್ತಿದ್ದವರು ತಿರುಗಿ ನೋಡಿದರು, ‘ಬನ್ನಿ’ ಎನ್ನಲಿಲ್ಲ.

‘ರಾಯರೆ, ಇನ್ನೂರು ಮಂದಿಯ ಮುಂದೆ ಆಡಿದ ಮಾತು ಅದು. ಕ್ಷಮೆಯನ್ನೂ ಅಲ್ಲಿಯೇ ಬರೆದು ಬಂದಿದ್ದೇನೆ. ಆದರೆ ಅದು ಸಾಲದೆಂದು ತೋರಿತು.’

‘ಮೇಷ್ಟರೆ, ಹೆಬ್ಬೆಟ್ಟಿನವರ ಮನಿಯಾರ್ಡರು ಬರೆದುಕೊಟ್ಟದ್ದು ನಿಜವೇ. ಅದಕ್ಕೆ ನನಗೆ ನಾಚಿಕೆಯಿಲ್ಲ. ನೀವು ಅದನ್ನು ನಗೆಗೀಡು ಮಾಡಿದಿರಲ್ಲ, ಅದು ನೋವಾಯಿತು’ ಎಂದರು ರಾಯರು. ಬಹಳ ಹೊತ್ತಿನ ಮೇಲೆ ಒಳಗೆ ತಿರುಗಿ, ‘ಎರಡು ಲೋಟ ಕಾಫಿ’ ಎಂದು ಕೂಗಿದರು.

ಈಗ ಜಗಲಿಯಲ್ಲಿ ಹನ್ನೆರಡು ಕುರ್ಚಿಗಳಿವೆ, ಹದಿಮೂರನೆಯದನ್ನು ಹಾಕುವುದಿಲ್ಲ. ಮೊಬೈಲಿನ ಗುಂಪು ಉಳಿದಿದೆ. ಆದರೆ ಅಲ್ಲಿ ಮುಂದಿನ ವಾರದ ಪ್ರಶ್ನೆಯನ್ನು ತಿಳಿಸುವುದಲ್ಲದೆ ಬೇರೆ ಚರ್ಚೆಯಿಲ್ಲ. ಸ್ಥಳ ಬೇಡಿ ಬಂದ ನಾಲ್ಕೈದು ತರುಣರಿಗೆ ಇತಿಹಾಸದ ಅಧ್ಯಾಪಕಿಯವರು ನೇಕಾರರ ಬೀದಿಯ ಮನೆಯೊಂದರಲ್ಲಿ ಬೇರೆ ಗೋಷ್ಠಿಯನ್ನು ಹಾಕಿಕೊಟ್ಟಿದ್ದಾರೆ. ಫ್ರಾಂಕ್ಲಿನ್ನನ ಹನ್ನೆರಡರಲ್ಲಿ ಹೆಂಗಸರು ಇರಲಿಲ್ಲ. ಈ ಎರಡು ಕೂಟಗಳಲ್ಲಿಯೂ ಇದ್ದಾರೆ. ಗೂಡಿನಲ್ಲಿ ಒಂದು ಹಿತ್ತಾಳೆಯ ಡಬ್ಬಿ ಇಟ್ಟಿದೆ: ‘ಖಂಡಿತ’ ಎಂದವರು ಅದಕ್ಕೆ ಐದು ರೂಪಾಯಿ ಹಾಕಬೇಕು, ಕೂಡಿದ ಹಣಕ್ಕೆ ಪುಸ್ತಕ. ಮೊದಲನೆಯ ತಿಂಗಳಲ್ಲಿ ಹೆಚ್ಚಿನ ಹಣ ಹಾಕಿದವರು ಮೇಷ್ಟರೇ.

ಕೆರೆಯ ಪ್ರಶ್ನೆ ಇನ್ನೂ ತೀರಿಲ್ಲ. ರಾಯರಿಗೆ ಈಗಲೂ ರಸ್ತೆ ಬೇಕು, ಮೇಷ್ಟರಿಗೆ ಬೇಡ. ಆದರೆ ಅದು ಮತ್ತೆ ಗೋಷ್ಠಿಗೆ ಬಂದ ವಾರ ಇಬ್ಬರೂ ಒಂದು ಟೇಪು ಹಿಡಿದು ಏರಿಯ ಮೇಲೆ ನಡೆದರು. ತೂಬಿನ ಬಳಿ ಏರಿಯು ತಾವು ತಿಳಿದಿದ್ದುದಕ್ಕಿಂತ ಬಹಳ ಕಿರಿದೆಂಬುದು ಇಬ್ಬರಿಗೂ ಅಂದೇ ಗೊತ್ತಾದದ್ದು.