ಸೇಡಂ ರಸ್ತೆಯ ಎರಡು ವಿದ್ಯಾಸ್ಥಾನಗಳು

ಕಲಬುರಗಿಯಿಂದ ಪೂರ್ವಕ್ಕೆ ಸಾಗುವ ಸೇಡಂ ರಸ್ತೆಯಲ್ಲಿ ಎರಡು ವಿದ್ಯಾಸ್ಥಾನಗಳಿವೆ. ನಗರದಿಂದ ಸುಮಾರು 10 ಕಿ.ಮೀ. ದೂರದಲ್ಲಿ 860 ಎಕರೆಗಳಲ್ಲಿ ಹರಡಿಕೊಂಡಿರುವ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಒಂದು. ಅದೇ ದಾರಿಯಲ್ಲಿ ಇನ್ನೂ ಮುಂದೆ ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಇನ್ನೊಂದು. ಮೊದಲನೆಯದು ಶಾಸನಸಭೆಯ ಕಾಯಿದೆಯಿಂದ ಹುಟ್ಟಿದ್ದು. ಎರಡನೆಯದು ಅರಸರ ಆಶ್ರಯದಲ್ಲಿ ಬೆಳೆದದ್ದು. ವಿದ್ಯೆಯ ಪರವಾಗಿ ಅಧಿಕಾರದ ಮುಂದೆ ಮಾತನಾಡುವವರು ಯಾರು ಎಂಬ ಪ್ರಶ್ನೆ ಎರಡಕ್ಕೂ ಸಮಾನವಾದುದು.

ಮಾನ್ಯಖೇಟದ ಹಿರಿಮೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಜಿನಸೇನಾಚಾರ್ಯರನ್ನು ಗುರುವೆಂದು ಗೌರವಿಸಿದ ಅಮೋಘವರ್ಷ ನೃಪತುಂಗ, ಅವನ ಆಸ್ಥಾನದಲ್ಲಿ ರೂಪುಗೊಂಡ ‘ಕವಿರಾಜಮಾರ್ಗ’, ಮೂರನೆಯ ಕೃಷ್ಣನಿಂದ ‘ಉಭಯಕವಿಚಕ್ರವರ್ತಿ’ ಎನಿಸಿಕೊಂಡ ಪೊನ್ನ, ಇವೆಲ್ಲ ಆ ನೆಲದ ಸಂಪತ್ತು. ಅಪಭ್ರಂಶದ ಮಹಾಕವಿ ಪುಷ್ಪದಂತನ ವೃತ್ತಾಂತ ಮಾತ್ರ ಸ್ವಲ್ಪ ಬೇರೆಯಾದುದು. ಅಲೆದು ದಣಿದು ಬಂದ ಆ ಕವಿ ಊರ ಹೊರಗಿನ ಉದ್ಯಾನದಲ್ಲಿಯೇ ತಂಗಿದ. ಅರಸರ ಓಲಗದ ಬಗ್ಗೆ ಅವನಿಗೆ ಜಿಗುಪ್ಸೆಯಿತ್ತು. ಊರೊಳಕ್ಕೆ ಬರುವಂತೆ ಅವನನ್ನು ಒಪ್ಪಿಸಿ, ಮೂರನೆಯ ಕೃಷ್ಣನ ಮಂತ್ರಿಯಾಗಿದ್ದ ಭರತನ ಮನೆಯ ದಾರಿ ತೋರಿದವರು ಅಲ್ಲಿ ಅವನನ್ನು ಕಂಡು ಮಾತನಾಡಿಸಿದ ಇಬ್ಬರು. 959ರಲ್ಲಿ ಆರಂಭವಾದ ‘ಮಹಾಪುರಾಣ’ 965ರಲ್ಲಿ ಪೂರ್ಣಗೊಂಡಿತು. ಭರತನ ಔದಾರ್ಯವನ್ನು ಚರಿತ್ರೆ ನೆನೆಯುತ್ತದೆ. ನಡುವೆ ನಿಂತು ಮಾತು ಸೇರಿಸಿದ ಆ ಇಬ್ಬರನ್ನು ಅಷ್ಟಾಗಿ ನೆನೆಯುವುದಿಲ್ಲ. ಅವರಿಲ್ಲದಿದ್ದರೆ ಕಾವ್ಯವೂ ಇರುತ್ತಿರಲಿಲ್ಲವೇನೋ.

972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಇನ್ನು ತನಗೆ ನೆಲೆಯೆಲ್ಲಿ ಎಂದು ಕವಿ ಹಲುಬಬೇಕಾಯಿತು. ಒಂದು ಮನೆಯ ಬಾಗಿಲನ್ನೇ ನಂಬಿದ ವಿದ್ಯೆಗೆ ಆ ಬಾಗಿಲು ಮುಚ್ಚಿದ ದಿನ ಬೇರೆ ದಾರಿಯಿರಲಿಲ್ಲ.

ಸಾರ್ವಜನಿಕ ವಿಶ್ವವಿದ್ಯಾಲಯದ ಸ್ಥಿತಿ ಹೀಗಿರಬೇಕಾಗಿಲ್ಲ. ಅದರ ಆಶ್ರಯದಾತರು ಸಾವಿರಾರು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಈ ಸೀಮೆಯ ಉನ್ನತ ಶಿಕ್ಷಣ ದೂರದ ಧಾರವಾಡದ ಕಡೆಗೆ ಮುಖಮಾಡಿತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಕಲಬುರಗಿಗೆ ಬಂದಿತು. 1980ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಕಮಲಾಪುರ, ಚಿಂಚೋಳಿ, ಆಳಂದಗಳ ಹಳ್ಳಿಗಳಿಂದ ಬಂದು, ಮನೆತನದಲ್ಲಿಯೇ ಮೊದಲ ಪದವಿ ಪಡೆದವರು ಇಲ್ಲಿಂದ ಹೊರಬಿದ್ದರು. ಅವರು ಇಂದು ಶಿಕ್ಷಕರು, ವಕೀಲರು, ಅಧಿಕಾರಿಗಳು, ಶಾಸಕರು. ಅದೇ ಕಾಲದಲ್ಲಿ ವಿಶ್ವವಿದ್ಯಾಲಯದ ವ್ಯಾಪ್ತಿ ಕಿರಿದಾಗುತ್ತ ಬಂದಿತು. 2010ರಲ್ಲಿ ಬಳ್ಳಾರಿಯಲ್ಲಿ, ಅನಂತರ ರಾಯಚೂರು ಮತ್ತು ಬೀದರಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. ಆಯಾ ಜಿಲ್ಲೆಗಳಿಗೆ ಅದು ನ್ಯಾಯವೇ. ಆದರೆ ಕಾಲೇಜುಗಳೊಡನೆ ಸಂಯೋಜನೆ ಮತ್ತು ಪರೀಕ್ಷೆಯ ಶುಲ್ಕಗಳೂ ಹೋಗುತ್ತವೆ. ನಿವೃತ್ತರ ಪಿಂಚಣಿಯ ಹೊರೆ ಮಾತ್ರ ಹಳೆಯ ಮನೆಯಲ್ಲಿಯೇ ಉಳಿಯುತ್ತದೆ. ಖಾಲಿಯಾದ ಪ್ರಾಧ್ಯಾಪಕ ಹುದ್ದೆ ತುಂಬದಿದ್ದಾಗ ಅತಿಥಿ ಉಪನ್ಯಾಸಕರು ತರಗತಿಯನ್ನು ನಡೆಸಬಲ್ಲರು. ಶಾಸನ, ಹಸ್ತಪ್ರತಿಗಳ ಓದಿನಂತಹ ದೀರ್ಘ ಅಭ್ಯಾಸದ ಪರಂಪರೆಯನ್ನು ವರ್ಷವರ್ಷದ ನೇಮಕದಿಂದ ಮುಂದುವರಿಸುವುದು ಕಷ್ಟ.

ಒತ್ತಾಯಕ್ಕೆ ಫಲವಿದೆಯೆಂಬುದನ್ನು ಈ ಪ್ರದೇಶವೇ ತೋರಿಸಿಕೊಟ್ಟಿದೆ. ವೈಜನಾಥ ಪಾಟೀಲರಂಥವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ನಡೆದ ಹೋರಾಟ ಮೊದಲು ನಿರಾಕರಣೆಯನ್ನೇ ಕಂಡಿತು. ಅನಂತರ ರಾಜ್ಯದ ಉಭಯ ಸದನಗಳು ಬೆಂಬಲದ ನಿರ್ಣಯ ಕೈಗೊಂಡವು. 2012ರ ಡಿಸೆಂಬರಿನಲ್ಲಿ ಸಂಸತ್ತು 371(ಜೆ) ವಿಧಿಯನ್ನು ಅಂಗೀಕರಿಸಿತು. ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿಯೂ ಸರಕಾರಿ ಉದ್ಯೋಗದಲ್ಲಿಯೂ ಸ್ಥಳೀಯರಿಗೆ ಮೀಸಲಾತಿ ದೊರೆಯಲು ದಾರಿಯಾಯಿತು. ಆದರೆ ಮೀಸಲಾದ ಹುದ್ದೆ ಭರ್ತಿಯಾದಾಗ ಮಾತ್ರ ಹಕ್ಕಿಗೆ ಅರ್ಥ.

ಪದವೀಧರರಿಗೆ ಸಂವಿಧಾನವು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ. 75 ಸದಸ್ಯರ ವಿಧಾನ ಪರಿಷತ್ತಿನಲ್ಲಿ 7 ಸ್ಥಾನಗಳು ಪದವೀಧರರವು, 7 ಶಿಕ್ಷಕರವು. ಕಲ್ಯಾಣ ಕರ್ನಾಟಕಕ್ಕೆ ಈಶಾನ್ಯ ಪದವೀಧರರ ಕ್ಷೇತ್ರವೂ ಈಶಾನ್ಯ ಶಿಕ್ಷಕರ ಕ್ಷೇತ್ರವೂ ಇವೆ. ಪದವಿ ಪಡೆದು ಮೂರು ವರ್ಷ ಕಳೆದ, ಕ್ಷೇತ್ರದಲ್ಲಿ ವಾಸವಾಗಿರುವ ಮತದಾರರು ಹೆಸರು ನೋಂದಾಯಿಸಿಕೊಳ್ಳಬಹುದು. ಸಾಮಾನ್ಯ ಮತದಾರರ ಪಟ್ಟಿಯಂತೆ ಇದು ಮುಂದುವರಿಯುವುದಿಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧವಾಗುತ್ತದೆ. ನಮೂನೆ 18ನ್ನು ತುಂಬದ ಪದವೀಧರನು, ಗೋಡೆಯ ಮೇಲೆ ಪದವಿ ಪ್ರಮಾಣಪತ್ರ ಎಷ್ಟೇ ಚೆಂದವಾಗಿ ತೂಗುತ್ತಿದ್ದರೂ, ಆ ಪಟ್ಟಿಯಲ್ಲಿ ಇರುವುದಿಲ್ಲ. ಕಳೆದ ಚುನಾವಣೆ ನಡೆದದ್ದು 2024ರ ಜೂನಿನಲ್ಲಿ. ಸದಸ್ಯರ ಅವಧಿ ಆರು ವರ್ಷ.

ಉದ್ಯೋಗಕ್ಕಾಗಿ ಬೆಂಗಳೂರು ಸೇರಿದವರಿಗೆ ಈಶಾನ್ಯದಲ್ಲಿ ಮತವಿಲ್ಲ. ಆದರೆ ವಿಧಾನಸೌಧ ಅವರಿಗೆ ಹತ್ತಿರ. ಹಳೆಯ ವಿದ್ಯಾರ್ಥಿಗಳ ಸಮಾವೇಶವೆಂದರೆ ಶಾಲು, ಹಾರ, ಊಟ, ಸಮೂಹಚಿತ್ರ ಎಂಬ ರೂಢಿ ಬೆಳೆದಿದೆ. ಯಾವ ವಿಭಾಗದಲ್ಲಿ ಎಷ್ಟು ಹುದ್ದೆ ಎಂದಿನಿಂದ ಖಾಲಿ, ಗ್ರಂಥಾಲಯಕ್ಕೆ ಏನು ಬೇಕು ಎಂಬುದನ್ನು ಒಂದೇ ಪುಟದಲ್ಲಿ ಬರೆದು, ಆಯವ್ಯಯ ಸಿದ್ಧವಾಗುವ ಮೊದಲೇ ಶಾಸಕರ ಕೈಗಿಡುವುದು ಅದಕ್ಕಿಂತ ದೊಡ್ಡ ಗುರುದಕ್ಷಿಣೆ. ಸದನದಲ್ಲಿ ಕೇಳಿದ ಒಂದು ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಉತ್ತರಿಸಲೇಬೇಕು. ಆ ಉತ್ತರ ಕಡತದಲ್ಲಿ ಉಳಿಯುತ್ತದೆ, ಮುಂದಿನ ಬೇಡಿಕೆಗೆ ಆಧಾರವಾಗುತ್ತದೆ. ಬೇಡಿಕೆ ವಿಶ್ವವಿದ್ಯಾಲಯದ ಸ್ವಾಯತ್ತತೆಯನ್ನು ಕಾಯಬೇಕೇ ಹೊರತು, ನೇಮಕಾತಿಯಲ್ಲಿ ಶಿಫಾರಸಿಗೆ ಎಡೆಗೊಡಬಾರದು ಎಂಬ ಎಚ್ಚರವೂ ಅಗತ್ಯ.

ಪುಷ್ಪದಂತನಿಗೆ ದೊರೆತವರು ಇಬ್ಬರು; ಜ್ಞಾನಗಂಗೆಗೆ ನಾಲ್ಕು ದಶಕಗಳ ಪದವೀಧರರಿದ್ದಾರೆ. ಭರತನಂಥ ಮಂತ್ರಿ ಪ್ರತಿ ಕಾಲದಲ್ಲಿಯೂ ಸಿಗುವನೆಂಬ ಭರವಸೆಯಿಲ್ಲ. ಆದರೆ ದಾರಿ ತೋರುವ ಕೆಲಸಕ್ಕೆ ಮಂತ್ರಿಯಾಗಿರಬೇಕಾಗಿಲ್ಲ, ಓದಿದವರಾಗಿದ್ದರೆ ಸಾಕು.